ಕಾಣದ ಹಳಿಗೆ ರೊಕ್ಕವೇಕೆ?

ತಲೆಬರಹದ ಪ್ರಶ್ನೆ ನನ್ನದಲ್ಲ. ನಮ್ಮ ಹೊಸರಿತ್ತಿಯ ಸೀಮೆಯ ಒಂದು ಶಾಲೆಯ ಆಡಳಿತ ಮಂಡಳಿಯ ಸಭೆಯಲ್ಲಿ, ನನ್ನ ಎದುರಿಗೇ, ಹಿರಿಯ ಸದಸ್ಯರೊಬ್ಬರು ಕೇಳಿದ್ದು. ಶಾಲೆಯ ಹೆಸರನ್ನಾಗಲಿ ಸದಸ್ಯರ ಹೆಸರನ್ನಾಗಲಿ ಇಲ್ಲಿ ಹೇಳಬೇಕಾದ ಅಗತ್ಯವಿಲ್ಲ. ಏಕೆಂದರೆ ಆ ಪ್ರಶ್ನೆ ಅವರೊಬ್ಬರದೇ ಅಲ್ಲ. ಹುಬ್ಬಳ್ಳಿಯಲ್ಲಿ, ಬೆಂಗಳೂರಿನಲ್ಲಿ, ದೊಡ್ಡ ದೊಡ್ಡ ಕಚೇರಿಗಳಲ್ಲಿ ದಿನವೂ ಯಾರಾದರೊಬ್ಬರು ಅದನ್ನು ಕೇಳುತ್ತಲೇ ಇರುವರು. ಕೇಳಿ, ಜಾಣತನದ ಮಾತು ಆಡಿದೆವೆಂದು ತಲೆದೂಗಿಸಿಕೊಳ್ಳುವರು. ನನಗೆ ಅಂದು ಸಭೆಯಲ್ಲಿ ಉತ್ತರ ಹೊಳೆಯಲಿಲ್ಲ. ಮನೆಗೆ ಬಂದ ಮೇಲೆ ಹೊಳೆಯಿತು. ಆ ಉತ್ತರವೇ ಈ ಲೇಖನ.

ಸಂಗತಿ ಹೀಗಿದೆ. ನಾನು ಗಣಿತ ಕಲಿಸಿ ನಿವೃತ್ತನಾದ ಮಾಸ್ತರ. ರೈಲಿನ ಹುಚ್ಚು ಚಿಕ್ಕಂದಿನಿಂದ ಹತ್ತಿದ್ದು. ವರದೆಯ ದಂಡೆಯ ನಮ್ಮೂರಿಗೆ ರೈಲಿಲ್ಲ. ಗಾಡಿ ಹಿಡಿಯಬೇಕಾದರೆ ಹಾವೇರಿಗೆ ಹೋಗಬೇಕು. ರೈಲು ಇಲ್ಲದ ಊರಿನವನಿಗೇ ಅದರ ಆಸೆ ಹೆಚ್ಚೆಂದು ಕಾಣುತ್ತದೆ. ಹೋದ ವರ್ಷ ಶಾಲೆಯ ವಿಜ್ಞಾನ ಪ್ರದರ್ಶನಕ್ಕೆಂದು ಹುಡುಗರನ್ನು ಕೂಡಿಸಿಕೊಂಡು ಹಾವೇರಿ ನಿಲ್ದಾಣದ ಒಂದು ಮಾದರಿ ಕಟ್ಟಿದೆ. ರಟ್ಟಿನ ನಿಲ್ದಾಣ, ನಾರಿನ ಬೇವಿನ ಗಿಡ, ಏಲಕ್ಕಿ ಹಾರ ಮಾರುವವನ ಗೊಂಬೆ, ಬ್ಯಾಡಗಿ ಮೆಣಸಿನಕಾಯಿಯ ಚೀಲಗಳೆಂದು ಕೆಂಪು ಬಟ್ಟೆಯ ಪುಟ್ಟ ಗಂಟುಗಳು. ಅದರ ಸುತ್ತ ಮೊಟ್ಟೆಯಾಕಾರದ ಒಂದು ಹಳಿ. ಹಳಿಯ ಮೇಲೆ ಒಂದು ಗಾಡಿ. ಗುಂಡಿ ಒತ್ತಿದರೆ ಸಾಕು, ಸುತ್ತಲು ಸುರುಮಾಡುವುದು. ಬಂದವರೆಲ್ಲ ಭೇಷ್ ಎಂದರು, ಫೋಟೋ ತೆಗೆದುಕೊಂಡರು.

ಆರನೆಯ ಇಯತ್ತೆಯ ಒಬ್ಬ ಹುಡುಗ ಮಾತ್ರ ಬಹಳ ಹೊತ್ತು ನಿಂತು ನೋಡಿದ. ಕೊನೆಗೆ ಕೇಳಿದ: "ಸರ, ಈ ಗಾಡಿ ಹುಬ್ಬಳ್ಳಿಗೆ ಯಾವಾಗ ಹೋಗತೈತ್ರಿ?"

"ಇದು ಮಾದರಿ ಅಲ್ಲೇನೋ. ಇಲ್ಲೇ ಸುತ್ತತೈತಿ," ಎಂದೆ.

"ಹಂಗಾರ ಇದು ಗಾಣದ ಎತ್ತು ಇದ್ದಂಗ ಆತಲ್ರಿ ಸರ."

ನಾನು ನಕ್ಕೆ. ಆದರೆ ಅಂದು ರಾತ್ರಿ ನಿದ್ದೆ ಬರಲಿಲ್ಲ. ಮೂವತ್ತು ವರ್ಷ ಪಾಠ ಹೇಳಿದವನಿಗೆ ಆ ಹುಡುಗ ಒಂದೇ ಮಾತಿನಲ್ಲಿ ಪಾಠ ಹೇಳಿಬಿಟ್ಟಿದ್ದ. ರೈಲೆಂದರೇನು? ಎಲ್ಲಿಂದಲೋ ಬರುವುದು, ಎಲ್ಲಿಗೋ ಹೋಗುವುದು. ನಿಲ್ದಾಣದಲ್ಲಿ ನಿಲ್ಲುವುದು ಅದರ ಬಾಳಿನ ಎರಡು ನಿಮಿಷ. ನಾನು ಆ ಎರಡು ನಿಮಿಷವನ್ನಷ್ಟೇ ಕಟ್ಟಿ, ಬರುವುದನ್ನೂ ಹೋಗುವುದನ್ನೂ ಬಿಟ್ಟುಬಿಟ್ಟಿದ್ದೆ. ಅಂದರೆ ರೈಲನ್ನೇ ಬಿಟ್ಟಿದ್ದೆ.

ಈ ರೋಗಕ್ಕೆ ಮದ್ದು ಹೊಸತೇನಲ್ಲ. ಕಿರು ರೈಲು ಕಟ್ಟುವ ಹವ್ಯಾಸ ಬೆಳೆದ ದೇಶಗಳಲ್ಲಿ ಇದನ್ನು ಬಹು ಹಿಂದೆಯೇ ಕಂಡುಕೊಂಡಿರುವರು. ಮೇಜಿನ ಮುಂಭಾಗದಲ್ಲಿ ನೋಡುವವರಿಗಾಗಿ ನಿಲ್ದಾಣ, ಹೊಲ, ಸೇತುವೆ. ಹಿಂಭಾಗದಲ್ಲೋ ಕೆಳಗೋ, ಕಣ್ಣಿಗೆ ಬೀಳದಂತೆ, ಸಾಲಾಗಿ ಹಳಿಗಳು. ಆಡದ ಹೊತ್ತಿನಲ್ಲಿ ಗಾಡಿಗಳು ಅಲ್ಲಿ ಕಾದು ನಿಲ್ಲುವುವು. ಸರದಿ ಬಂದಾಗ ಒಂದು ಗಾಡಿ ಹೊರಟು ಬಂದು, ಮುಂದಿನ ನಿಲ್ದಾಣದಲ್ಲಿ ನಿಂತು, ಇನ್ನೊಂದು ಕಡೆಯಿಂದ ಮತ್ತೆ ಮರೆಗೆ ಸರಿಯುವುದು. ಜರ್ಮನರು ಇದನ್ನು ನೆರಳಿನ ನಿಲ್ದಾಣ ಎಂದು ಕರೆಯುತ್ತಾರೆ. ೨೦೦೧ರಲ್ಲಿ ಹ್ಯಾಂಬರ್ಗಿನಲ್ಲಿ ತೆರೆದ ಮಿನಿಯಾಟೂರ್ ವುಂಡರ್‌ಲ್ಯಾಂಡಿನಂಥ ಭಾರಿ ಪ್ರದರ್ಶನವೂ ನಡೆಯುವುದು ಇಂಥ ನೆರಳಿನ ನಿಲ್ದಾಣಗಳ ಬಲದಿಂದಲೇ. ನಮ್ಮ ಹತ್ತಿರದ ಪುಣೆಯಲ್ಲಿಯೂ ೧೯೯೮ರಲ್ಲಿ ಜೋಶಿಯವರ ಕಿರು ರೈಲು ಸಂಗ್ರಹಾಲಯ ತೆರೆಯಿತು. ಆದುದರಿಂದ ಇದು ನಮ್ಮವರ ಕೈಗೆಟುಕದ ವಿದ್ಯೆಯೆಂದು ಯಾರೂ ಹೇಳಕೂಡದು. ನಾನು ಇದಕ್ಕೆ ಮರೆಯ ಯಾರ್ಡು ಎಂದು ಹೆಸರಿಟ್ಟೆ.

ಈ ವರ್ಷ ಅದರ ನಕ್ಷೆ ಮಾಡಿ ಮಂಡಳಿಯ ಮುಂದಿಟ್ಟೆ. ಮುಂದಿನ ನಿಲ್ದಾಣಕ್ಕೆ ಹಣ ಮಂಜೂರಾಯಿತು. ಬಣ್ಣಕ್ಕೆ, ದೀಪಕ್ಕೆ, ಗಾಜಿನ ಮುಚ್ಚಳಕ್ಕೂ ಮಂಜೂರಾಯಿತು. ಹಿಂದಿನ ಐದು ಹಳಿ, ಎಂಟು ಪಾಯಿಂಟುಗಳ ಬಾಬತ್ತು ಬಂದಾಗ ಹಿರಿಯರು ಕನ್ನಡಕ ತೆಗೆದರು.

"ಮಾಸ್ತರ್ರ, ಬಂದವರಿಗೆ ಕಾಣೂದಿಲ್ಲ ಅಂತೀರಿ. ಕಾಣದ ಹಳಿಗೆ ರೊಕ್ಕ ಯಾಕ ಹಾಕಬೇಕ್ರಿ? ಅದ ರೊಕ್ಕದಾಗ ಮುಂದ ಇನ್ನೆರಡು ಗಾಡಿ ನಿಲ್ಲಸ್ರಿ. ನೋಡಾಕರ ಚಂದ ಇರತೈತಿ."

ಎಲ್ಲರೂ ಹೌದೆಂದರು. ನನ್ನ ನಕ್ಷೆ ಮಡಚಿಕೊಂಡು ಕಪಾಟು ಸೇರಿತು.

ಆ ಹಿರಿಯರ ಮನೆ ನನಗೆ ಗೊತ್ತಿದೆ. ಹಳೆಯ ಕಾಲದ ದೊಡ್ಡ ಮನೆ. ಅವರ ಅಜ್ಜನ ಕಾಲದಲ್ಲಿ ಆ ಮನೆಯ ಮುಂದೆ ನೆಲದೊಳಗೆ ಎರಡು ಹಗೇವು ಇದ್ದುವು. ಪಟ್ಟಣದ ವಾಚಕರಿಗೆ ಒಂದು ಮಾತು: ಹಗೇವೆಂದರೆ ಜೋಳ ತುಂಬಿಡಲು ನೆಲದಲ್ಲಿ ತೋಡಿದ ಕಣಜ. ಮೇಲೆ ಕಿರಿದಾದ ಬಾಯಿ, ಒಳಗೆ ವಿಶಾಲವಾದ ಹೊಟ್ಟೆ. ಬಾಯಿಗೆ ಕಲ್ಲು ಮುಚ್ಚಿ ಮಣ್ಣೆಳೆದರೆ ಅಲ್ಲಿ ಕಾಳು ಇದೆಯೆಂದು ಹಾದುಹೋಗುವವನಿಗೆ ತಿಳಿಯದು. ಬಂದ ಬೀಗರಿಗೆ ಕಾಣುವುದು ಪಡಸಾಲೆ, ಕಂಬ, ಜಮಖಾನೆ. ಆದರೆ ಬರಗಾಲ ಬಂದಾಗ ಮನೆ ಉಳಿದದ್ದು ಕಂಬದಿಂದಲೋ ಹಗೇವಿನಿಂದಲೋ? ಕಾಣದ ಹಗೇವಿಗೆ ರೊಕ್ಕ ಏಕೆಂದು ಆ ಅಜ್ಜ ಕೇಳಿದ್ದರೆ, ಮೊಮ್ಮಗ ಇಂದು ಸಭೆಯಲ್ಲಿ ಕೂತು ಆ ಪ್ರಶ್ನೆ ಕೇಳಲು ಉಳಿಯುತ್ತಿದ್ದನೇ?

ಹಗೇವಿನ ಮಾತು ಸಾಕು, ಹಳಿಯ ಲೆಕ್ಕ ಹೇಳಿರೆಂದು ಕೆಲವರು ಅನ್ನಬಹುದು. ಹೇಳುತ್ತೇನೆ.

ನಮ್ಮ ಮಾದರಿ ೧:೮೭ರ ಪ್ರಮಾಣದ್ದು. ಹಾವೇರಿಯಿಂದ ಹುಬ್ಬಳ್ಳಿಗೆ ಎಪ್ಪತ್ತು ಕಿಲೋಮೀಟರಿಗೂ ಮಿಕ್ಕ ದಾರಿ. ಅದನ್ನು ಈ ಪ್ರಮಾಣದಲ್ಲಿ ಹಾಸಿದರೆ ೮೦೦ ಮೀಟರಿಗೂ ಮಿಕ್ಕುವುದು; ಊರನ್ನೇ ದಾಟಬೇಕಾದೀತು. ಹುಬ್ಬಳ್ಳಿಯ ಪ್ಲಾಟ್‌ಫಾರಮ್ ಒಂದೇ ೧೫೦೭ ಮೀಟರ್ ಉದ್ದ. ೨೦೨೩ರ ಮಾರ್ಚಿನಲ್ಲಿ ಜಗತ್ತಿಗೇ ಉದ್ದವಾದುದೆಂದು ಅದರ ಉದ್ಘಾಟನೆ ಆಯಿತು. ನಮ್ಮ ಪ್ರಮಾಣದಲ್ಲಿ ಅದಕ್ಕೆ ೧೭ ಮೀಟರ್ ಬೇಕು. ಶಾಲೆಯ ಹಾಲಿನ ಗೋಡೆ ಒಡೆದರೂ ಸಾಲದು. ಆದುದರಿಂದ ಹುಬ್ಬಳ್ಳಿಯನ್ನು ಕಟ್ಟಿ ತೋರಿಸಲಾಗದು. ಆದರೆ ಹುಬ್ಬಳ್ಳಿ ಇಲ್ಲವೆಂದು ಹೇಳುವುದೂ ಸುಳ್ಳು. ತೋರಿಸಲಾಗದ್ದನ್ನು ಇಲ್ಲವೆನ್ನದೆ ಇಟ್ಟುಕೊಳ್ಳುವ ಉಪಾಯವೇ ಮರೆಯ ಯಾರ್ಡು. ಎಡಕ್ಕೆ ಮರೆಯಾದ ಗಾಡಿ ಹುಬ್ಬಳ್ಳಿಗೆ ಹೋಯಿತು. ಬಲದಿಂದ ಬಂದ ಗಾಡಿ ರಾಣೆಬೆನ್ನೂರು, ಬ್ಯಾಡಗಿ ದಾಟಿ ಬಂತು. ಹಲಗೆಯ ಹಿಂದಿನ ಎರಡು ಮಾರು ಜಾಗ ಒಂದು ಕಡೆ ಮೀರಜಾಗುವುದು, ಇನ್ನೊಂದು ಕಡೆ ಬೆಂಗಳೂರಾಗುವುದು.

ಇನ್ನು ಉದ್ದ. ಹಳೆಯ ಮಾದರಿಯ ಒಂದು ನೀಲಿ ಡಬ್ಬಿ ಬಫರಿನಿಂದ ಬಫರಿಗೆ ೨೨ ಮೀಟರಿಗಿಂತ ತುಸು ಹೆಚ್ಚು. ನಮ್ಮಲ್ಲಿ ಅದು ೨೫-೨೬ ಸೆಂಟಿಮೀಟರ್. ಇಪ್ಪತ್ತು ಡಬ್ಬಿಯ ಗಾಡಿಗೆ ಐದು ಮೀಟರ್ ಬೇಕಾಗುವುದರಿಂದ ಆರು ಡಬ್ಬಿ, ಒಂದು ಎಂಜಿನ್ನಿಗೆ ಇಳಿಸಿದೆ. ಒಟ್ಟು ಒಂದೂಮುಕ್ಕಾಲು ಮೀಟರ್. ನಿಲ್ಲಿಸುವಾಗ ಹಿಂದುಮುಂದಿನ ಸಡಿಲಕ್ಕೆ ಒಂದು ಗೇಣು ಕೂಡಿಸಿದರೆ ಒಂದೊಂದು ಹಳಿಗೂ ಸುಮಾರು ಎರಡು ಮೀಟರ್ ನಿಲುಗಡೆ ಬೇಕು. ಗೆಲುವಿನ ಉತ್ಸಾಹದಲ್ಲಿ ಹೊಸಬರು ಎಡವುವುದು ಇಲ್ಲಿಯೇ. ಐದು ಹಳಿ, ಎರಡು ಮೀಟರ್, ಮುಗಿಯಿತೆಂದು ಹಲಗೆ ಕೊಯ್ಯಿಸಿಬಿಡುವರು. ಹಳಿಯಿಂದ ಹಳಿಗೆ ಒಯ್ಯುವ ಪಾಯಿಂಟುಗಳ ಸಾಲಿಗೆ, ಅಂದರೆ ಏಣಿಗೆ, ಜಾಗ ಬಿಡುವುದೇ ಇಲ್ಲ. ಹಳಿಗಳ ನಡುವೆ ೫ ಸೆಂಟಿಮೀಟರ್ ಅಂತರವಿಟ್ಟು ೧೨ ಡಿಗ್ರಿಯ ಪಾಯಿಂಟು ಬಳಸಿದರೆ ಒಂದೊಂದು ಮೆಟ್ಟಿಲಿಗೆ ಸುಮಾರು ೨೪ ಸೆಂಟಿಮೀಟರ್ ಉದ್ದ ತಿನ್ನುವುದು. ನಾಲ್ಕು ಮೆಟ್ಟಿಲಿಗೆ ಹತ್ತಿರಹತ್ತಿರ ಒಂದು ಮೀಟರ್. ಎರಡೂ ತುದಿಗೆ ಏಣಿ ಬೇಕು. ಅವು ಒಂದಕ್ಕೊಂದು ಎದುರಾಗಿ ವಾಲಿದರೆ ಎರಡು ಮೀಟರ್ ಏಣಿಗೇ ಹೋಯಿತು. ಅದೇ ಎರಡನ್ನೂ ಒಂದೇ ಕಡೆಗೆ ವಾಲಿಸಿ, ಒಂದು ತುದಿಯಲ್ಲಿ ಮೊದಲ ಹಳಿಯಿಂದ ಒಳಹೊಕ್ಕು ಇನ್ನೊಂದು ತುದಿಯಲ್ಲಿ ಐದನೆಯದರಿಂದ ಹೊರಬೀಳುವಂತೆ ಮಾಡಿದರೆ, ಐದು ಹಳಿಗಳ ಉದ್ದವೂ ಸಮನಾಗಿ, ಒಂದು ಮೀಟರ್ ಉಳಿಯುವುದು. ಗಣಿತದ ಮಾಸ್ತರ ಆಗಿದ್ದಕ್ಕೆ ನನಗೆ ಸಿಕ್ಕ ಸಂಬಳ ಇಷ್ಟೆಂದುಕೊಂಡೆ.

ಐದು ಹಳಿಗೆ ಗಾಡಿ ಎಷ್ಟು? ಐದೆಂದವನು ಸೋತ. ನಾಲ್ಕೇ. ಒಂದು ಹಳಿ ಸದಾ ಖಾಲಿ ಇರಬೇಕು. ಬರುವ ಗಾಡಿಗೆ ಜಾಗವಿಲ್ಲದಿದ್ದರೆ ಅದು ಹೊರಗೇ ನಿಲ್ಲಬೇಕು. ಅದು ನಿಂತರೆ ಅದರ ಹಿಂದಿನದೂ ನಿಲ್ಲಬೇಕು. ಖಾಲಿ ಇರುವ ಹಳಿಯೇ ಉಳಿದ ನಾಲ್ಕನ್ನು ಓಡಿಸುವುದು. ಇದನ್ನು ಹೇಳಿದಾಗಲಂತೂ ಸಭೆಯಲ್ಲಿ ಒಬ್ಬರು ನಕ್ಕೇಬಿಟ್ಟರು: ಕಾಣದ ಹಳಿ, ಅದರಲ್ಲೂ ಖಾಲಿ ಹಳಿ!

ಮರೆ ಮಾಡುವುದು ಹೇಗೆ? ಚಿತ್ರಗಳಲ್ಲಿ ನೋಡಿದವರು ಸುರಂಗ ತೋಡಿರೆನ್ನುತ್ತಾರೆ. ಹಾವೇರಿಯ ಬಯಲಿನಲ್ಲಿ ಸುರಂಗವೇ? ಪರದೇಶದ ಹಿಮದ ಗುಡ್ಡ ತಂದು ಕರಿಮಣ್ಣಿನ ಹೊಲದ ಮೇಲೆ ಹೇರುವುದು ಬೇಡ. ಒಂದು ಬದಿಗೆ ರಸ್ತೆಯ ಮೇಲ್ಸೇತುವೆ, ಇನ್ನೊಂದು ಬದಿಗೆ ಅರಳೆಯ ಗೋದಾಮು, ಅದರ ಪಕ್ಕಕ್ಕೆ ಜಾಲಿಯ ಪೊದೆ. ಇಷ್ಟಿದ್ದರೆ ಗಾಡಿ ಕಣ್ಮರೆಯಾಗುವುದು, ನಾಡೂ ನಮ್ಮದೇ ಆಗಿ ಉಳಿಯುವುದು. ಯಾರ್ಡನ್ನು ಮೇಜಿನ ಕೆಳಗೆ ಇಳಿಸಿರೆಂದು ಇನ್ನೊಬ್ಬರ ಸಲಹೆ. ನೂರಕ್ಕೆ ಎರಡರ ಇಳಿಜಾರಿನಲ್ಲಿ ಹತ್ತು ಸೆಂಟಿಮೀಟರ್ ಇಳಿಯಲು ಐದು ಮೀಟರ್ ಹಳಿ ಬೇಕು. ಇಳಿದ ಮೇಲೆ ಹಳಿ ತಪ್ಪಿದ ಡಬ್ಬಿಗೆ ಕೈ ಎಟುಕುವುದಿಲ್ಲ. ಹಗೇವು ಬಲ್ಲ ರೈತ ಬಾಯಿ ತೆರೆದ ಕೂಡಲೇ ಒಳಗೆ ಇಳಿಯುವುದಿಲ್ಲ. ಗಾಳಿಯಾಡಲು ಬಿಟ್ಟು ಆಮೇಲೆ ಇಳಿಯುವನು. ಅವಸರ ಮಾಡಿ ಜೀವ ಕಳೆದುಕೊಂಡವರಿದ್ದಾರೆ. ಮರೆಯಾದುದಕ್ಕೆ ಬಾಯಿ ಇರಬೇಕು. ಆದುದರಿಂದ ನಡುವೆ ಒಂದು ಬಣ್ಣದ ಹಲಗೆ ನಿಲ್ಲಿಸಿ, ಹಿಂದೆ ಅದೇ ಮಟ್ಟದಲ್ಲಿ ಯಾರ್ಡು; ಯಾರ್ಡಿನ ಬೆನ್ನಿಗೆ ಮನುಷ್ಯ ನಡೆದಾಡುವ ಓಣಿ. ಎರಡು ಹಳಿ ಕೂಡುವ ಕಡೆ ಒಂದರ ಗಾಡಿ ಇನ್ನೊಂದಕ್ಕೆ ತಾಗದಂತೆ ಎಲ್ಲಿ ನಿಲ್ಲಬೇಕೆಂದು ರೈಲ್ವೆಯವರು ನೆಲದಲ್ಲಿ ಗುರುತು ನೆಡುವರು. ಫೌಲಿಂಗ್ ಮಾರ್ಕ್ ಎನ್ನುವರು. ಅಲ್ಲಿ ಒಂದೊಂದು ಪುಟ್ಟ ಸಂವೇದಕ, ಮುಂದಿನ ಫಲಕದಲ್ಲಿ ಒಂದೊಂದು ದೀಪ. ಗಾಡಿ ಗುರುತು ದಾಟಿ ಒಳಗೆ ಸರಿಯಿತೇ ಇಲ್ಲವೇ ಎಂಬುದನ್ನು ಕಾಣದೆಯೂ ತಿಳಿಯಬಹುದು.

ಇಷ್ಟು ಲೆಕ್ಕದ ಮಾತು. ಇನ್ನು ಆಕ್ಷೇಪಣೆಗಳು.

ಮೊದಲನೆಯದು: ಇದು ಮಕ್ಕಳಿಗೆ ಮಾಡುವ ಮೋಸ; ಗಾಡಿ ಹಲಗೆಯ ಹಿಂದೆ ನಿಂತಿರುವಾಗ ಹುಬ್ಬಳ್ಳಿಗೆ ಹೋಯಿತೆಂದು ನಂಬಿಸುವುದು. ಈ ಆಕ್ಷೇಪಣೆಯನ್ನು ನಾನು ಗೌರವಿಸುತ್ತೇನೆ. ಆದರೆ ಮಾದರಿಯೆಂದ ಮೇಲೆ ಆರಿಸಿ ಬಿಡುವುದು ಇದ್ದೇ ಇದೆ. ನಮ್ಮ ಬ್ರಾಡ್‌ಗೇಜ್ ೧೬೭೬ ಮಿಲಿಮೀಟರ್. ೧:೮೭ಕ್ಕೆ ಇಳಿಸಿದರೆ ೧೯ಕ್ಕಿಂತ ಹೆಚ್ಚು ಬರಬೇಕು. ಪೇಟೆಯಲ್ಲಿ ಸಿಗುವ ಹಳಿ ೧೬.೫. ಇಪ್ಪತ್ತು ಡಬ್ಬಿಯನ್ನು ಆರು ಮಾಡಿದೆವು. ಇವುಗಳಿಗೆ ಯಾರೂ ತಕರಾರು ಮಾಡಲಿಲ್ಲ. ಅಳತೆಯಲ್ಲಿ ಕಡಿಮೆ ಮಾಡುವುದು ಒಂದು, ಅರ್ಥವನ್ನೇ ಕೆಡಿಸುವುದು ಇನ್ನೊಂದು. ಹೊರಟಲ್ಲಿಗೇ ಮರಳಿ ಬರುವ ಗಾಡಿಯನ್ನು ತೋರಿಸಿ ಇದು ರೈಲೆಂದು ಹೇಳುವುದೇ ನಿಜವಾದ ಮೋಸ. ಅಮೆರಿಕದ ಫ್ರಾಂಕ್ ಎಲಿಸನ್ ಎಂಬಾತ ೧೯೪೦ರ ದಶಕದಲ್ಲಿಯೇ ಕಿರು ರೈಲನ್ನು ನಾಟಕಕ್ಕೆ ಹೋಲಿಸಿ ಬರೆದ. ನಾಟಕದ ಮಾತನ್ನು ನಮಗೆ ಹೊರಗಿನವರು ಹೇಳಿಕೊಡಬೇಕೇ? ಕಂಪನಿ ನಾಟಕ ನೋಡಿ ಬೆಳೆದ ಸೀಮೆ ಇದು; ಹಾನಗಲ್ ತಾಲೂಕಿನ ಶೇಷಗಿರಿಯಂಥ ಹಳ್ಳಿ ನಾಟಕದಿಂದಲೇ ಹೆಸರಾಗಿದೆ. ಪಾತ್ರಧಾರಿಗಳೆಲ್ಲ ಮೊದಲಿನಿಂದ ಕೊನೆಯವರೆಗೆ ರಂಗದ ಮೇಲೆಯೇ ನಿಂತಿದ್ದರೆ ಅದು ನಾಟಕವಲ್ಲ, ಜಾತ್ರೆ. ಬಣ್ಣದ ಮನೆಗೆ ಕೊಟ್ಟ ಜಾಗ ದಂಡವೆಂದು ಯಾವ ಪ್ರೇಕ್ಷಕನೂ ಹೇಳಿದ್ದಿಲ್ಲ.

ಎರಡನೆಯದು: ಮುಂದೆ ಇನ್ನೆರಡು ಗಾಡಿ ನಿಲ್ಲಿಸಿರಿ, ಚೆಂದ ಕಾಣುವುದು. ನಿಂತ ಗಾಡಿ ಚೆಂದವೇ? ಎರಡು ಹಳಿಯ ನಿಲ್ದಾಣದಲ್ಲಿ ಎರಡು ಗಾಡಿ ನಿಲ್ಲಿಸಿದರೆ ಮೂರನೆಯದಕ್ಕೆ ದಾರಿಯಿಲ್ಲ. ನಾವು ಕೂಡಿಟ್ಟ ಅಂದ ನಮ್ಮ ಓಟವನ್ನೇ ಕಟ್ಟಿಹಾಕುವುದು. ಪಟ್ಟಣಗಳಲ್ಲಿ ನಾವು ಮಾಡುತ್ತಿರುವುದೂ ಇದನ್ನೇ ಅಲ್ಲವೇ? ಊರ ಬಾಗಿಲಿಗೆ ಕಮಾನು ಕಟ್ಟುತ್ತೇವೆ, ಗಟಾರಕ್ಕೆ ರೊಕ್ಕವಿಲ್ಲ. ಶಾಲೆಗೆ ಮುಖಮಂಟಪ ಕಟ್ಟುತ್ತೇವೆ, ಪ್ರಯೋಗಶಾಲೆಯ ಕಪಾಟಿಗೆ ಬೀಗ. ರೈಲಿನ ಉದ್ದ ಪ್ಲಾಟ್‌ಫಾರಮ್ಮಿನ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುವ ನಾವು, ಗಾಡಿಯನ್ನು ತೊಳೆದು, ತಿಕ್ಕಿ, ಬ್ರೇಕು ನೋಡಿ ಕಳಿಸುವ ಪಿಟ್ ಲೈನಿನಲ್ಲಿ ರಾತ್ರಿಯೆಲ್ಲ ಬಗ್ಗಿ ದುಡಿಯುವವರ ಕಡೆಗೆ ಒಮ್ಮೆಯಾದರೂ ತಿರುಗಿ ನೋಡಿದ್ದುಂಟೇ? ಆ ಯಾರ್ಡು ಒಂದು ದಿನ ನಿಂತರೆ ಜಗತ್ತಿಗೇ ಉದ್ದವಾದ ಪ್ಲಾಟ್‌ಫಾರಮ್ ಬರಿಯ ಉದ್ದನೆಯ ಕಟ್ಟೆ.

ಮೂರನೆಯದು, ಎಲ್ಲಕ್ಕಿಂತ ನಯವಾದ ಆಕ್ಷೇಪಣೆ: ಹಳ್ಳಿಯ ಶಾಲೆಗೆ ಇಷ್ಟೆಲ್ಲ ಏಕೆ? ಇದು ಶ್ರೀಮಂತರ ಆಟ. ಒಪ್ಪುತ್ತೇನೆ, ಹಳಿಗೆ ಬೆಲೆಯುಂಟು. ಆದರೆ ಹಳ್ಳಿಯ ಹುಡುಗನಿಗೆ ಗಾಣದ ಎತ್ತು ಸಾಕು, ಪಟ್ಟಣದ ಹುಡುಗನಿಗೆ ನಿಜವಾದ ರೈಲು ಬೇಕು ಎಂದು ಬಗೆದವರು ಯಾರು? ಹಲಗೆಯ ಹಿಂದೆ ಏನೋ ಇದೆ, ಅದನ್ನು ಲೆಕ್ಕ ಹಾಕಿ ಇಡಬೇಕು, ಖಾಲಿ ಬಿಡಬೇಕಾದುದನ್ನು ಖಾಲಿ ಬಿಡಬೇಕು ಎಂಬುದನ್ನು ಕಲಿಯಬೇಕಾದವನು ಆ ಪ್ರಶ್ನೆ ಕೇಳಿದ ಹುಡುಗನೇ.

ಇಲ್ಲಿ ನಮ್ಮೂರಿನ ಮಾತೊಂದನ್ನು ಹೇಳದಿದ್ದರೆ ನನ್ನ ವಾದ ಪೂರ್ತಿಯಾಗದು. ಹಾವೇರಿ ನಿಲ್ದಾಣಕ್ಕೆ ಮೈಲಾರ ಮಹಾದೇವಪ್ಪನವರ ಹೆಸರಿದೆ. ಮೋಟೆಬೆನ್ನೂರಿನಲ್ಲಿ ಹುಟ್ಟಿ, ಗಾಂಧೀಜಿಯೊಡನೆ ದಂಡಿಯವರೆಗೆ ನಡೆದ ಆ ಮನುಷ್ಯ ಬಿದ್ದದ್ದು ಎಲ್ಲಿ? ೧೯೪೩ರ ಏಪ್ರಿಲ್ ೧ರಂದು, ನಮ್ಮ ಹೊಸರಿತ್ತಿಯಲ್ಲಿ, ವೀರಭದ್ರ ದೇವರ ಗುಡಿಯಲ್ಲಿಟ್ಟಿದ್ದ ಕಂದಾಯದ ಖಜಾನೆಯ ಮೇಲೆ ಏರಿಹೋದಾಗ, ಪೊಲೀಸರ ಗುಂಡಿಗೆ. ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠರೂ ಅವರೊಡನೆಯೇ ಪ್ರಾಣಕೊಟ್ಟರು. ದಿನವೂ ಎಷ್ಟು ಮಂದಿ ಗಾಡಿಯ ಕಿಟಕಿಯಿಂದ ನಿಲ್ದಾಣದ ಫಲಕವನ್ನು ಓದಿಕೊಂಡು ಹೋಗುವರು! ಆ ಹೆಸರು ಫಲಕದ ಮೇಲೆ ಬಂದುದು ಹಳಿಯಿಲ್ಲದ, ಯಾವ ಗಾಡಿಯಿಂದಲೂ ಕಾಣದ ಒಂದು ಊರಿನ ಗುಡಿಯ ಅಂಗಳದಿಂದ ಎಂಬುದು ಅವರಲ್ಲಿ ಎಷ್ಟು ಮಂದಿಗೆ ಗೊತ್ತು? ನಮ್ಮ ಮಾದರಿಯಲ್ಲಿ ಆ ಫಲಕವನ್ನು ಬಣ್ಣದಲ್ಲಿ ಬರೆಯಲು ಮಂಡಳಿ ಹಣ ಕೊಟ್ಟಿದೆ. ಫಲಕದ ಹಿಂದಿನದಕ್ಕೆ ಮಾತ್ರ ಕೊಟ್ಟಿಲ್ಲ.

ನನ್ನ ಕಡೆಯಿಂದಲೂ ಒಂದು ತಪ್ಪು ಒಪ್ಪಿಕೊಳ್ಳಬೇಕು. ಮರೆಯನ್ನು ಮರೆಯಾಗಿಯೇ ಉಳಿಸಬೇಕೆಂದು ನಾನು ಮೊದಲು ಹಟ ಹಿಡಿದಿದ್ದೆ. ಅದು ಸರಿಯಲ್ಲ. ಯಾರೂ ನೋಡದ ಜಾಗದಲ್ಲಿ ದೂಳು ಕೂಡುವುದು, ಸಡಿಲಾದ ಹಳಿ ಸಡಿಲಾಗಿಯೇ ಉಳಿಯುವುದು. ಹಿರಿಯರ ಪ್ರಶ್ನೆಯಲ್ಲಿ ಇಷ್ಟು ನ್ಯಾಯವುಂಟು: ಕಾಣದ್ದಕ್ಕೆ ಹಾಕಿದ ರೊಕ್ಕಕ್ಕೆ ಲೆಕ್ಕ ಕೇಳುವವರು ಯಾರು? ಆದುದರಿಂದ ನಕ್ಷೆಯನ್ನು ತಿದ್ದಿದ್ದೇನೆ. ಪ್ರದರ್ಶನದ ಕೊನೆಯ ಒಂದು ತಾಸು ನಡುವಿನ ಹಲಗೆಯನ್ನು ತೆಗೆದಿಡತಕ್ಕದ್ದು. ಮಕ್ಕಳನ್ನು ಹತ್ತು ಹತ್ತು ಮಂದಿಯಂತೆ ಹಿಂದಿನ ಓಣಿಗೆ ಕರೆದೊಯ್ದು, ಗಾಡಿಗಳು ಎಲ್ಲಿ ಕಾದಿದ್ದವೆಂದು ತೋರಿಸತಕ್ಕದ್ದು. ಪಾಯಿಂಟು ಬದಲಿಸುವ ಕೆಲಸವನ್ನೂ ಅವರಿಗೇ ಸರದಿಯ ಮೇಲೆ ಒಪ್ಪಿಸತಕ್ಕದ್ದು.

ಈ ತಿದ್ದಿದ ನಕ್ಷೆ ಮುಂದಿನ ಸಭೆಗೆ ಬರುವುದು. ಅದರಲ್ಲಿ ನಾಲ್ಕು ಹಳಿಗಳಿಗೆ ನಾಲ್ಕು ಗಾಡಿಗಳ ಹೆಸರು ಬರೆದಿದ್ದೇನೆ: ರಾಣಿ ಚೆನ್ನಮ್ಮ, ಜೋಧಪುರದ ಗಾಡಿ, ಪ್ಯಾಸೆಂಜರ್, ಗೂಡ್ಸ್. ಸದಾ ಖಾಲಿ ಇರಬೇಕಾದ ಐದನೆಯದಕ್ಕೆ ಹೊಸರಿತ್ತಿ ಎಂದು ಬರೆದಿದ್ದೇನೆ. ಹಿರಿಯರು ಮತ್ತೆ ಕನ್ನಡಕ ತೆಗೆದು ಅದೇ ಪ್ರಶ್ನೆ ಕೇಳಿದರೆ, ಈ ಸಲ ನಾನು ಉತ್ತರ ಕೊಡಬೇಕೆಂದಿಲ್ಲ. ಆ ಆರನೆಯ ಇಯತ್ತೆಯ ಹುಡುಗ ಈಗ ಏಳನೆಯದಕ್ಕೆ ಬಂದಿದ್ದಾನೆ. ಅವನನ್ನೇ ಸಭೆಗೆ ಕರೆದುಕೊಂಡು ಹೋಗುತ್ತೇನೆ.